ಮೂಳೆಯ ಜೊತೆ ಸ್ನಾಯುವನ್ನೂ ವಿಚಾರಿಸಿ: ಮನೆತನದ ಚರಿತ್ರೆಯನ್ನು ಓದಿ ನಡೆಯುವ ಬಗೆ

ನನ್ನ ತಾಯಿ 57ನೇ ವಯಸ್ಸಿನಲ್ಲಿ ಒದ್ದೆ ನೆಲದ ಮೇಲೆ ಜಾರಿ ಕೈಯೂರಿ ಬಿದ್ದರು. ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿಸಿದೆವು, ಆರು ವಾರ ಕಳೆದು ಬಿಚ್ಚಿಸಿದೆವು, ಅಲ್ಲಿಗೆ ಮರೆತೆವು. ಆ ಹೊತ್ತಿಗಾಗಲೇ ಅವರು ಕುರ್ಚಿಯಿಂದ ಏಳುವಾಗ ಎರಡೂ ಕೈಗಳನ್ನು ಊರುತ್ತಿದ್ದರು. ಬಿಗಿಯಾದ ಮುಚ್ಚಳ ತೆಗೆಯಲು ಮಕ್ಕಳನ್ನು ಕರೆಯುತ್ತಿದ್ದರು. ಮುರಿತಕ್ಕೆ ಒದ್ದೆ ನೆಲ ಕಾರಣವೆಂದೂ ಕೈಕಾಲು ಸೋಲುವುದಕ್ಕೆ ವಯಸ್ಸು ಕಾರಣವೆಂದೂ ನಾವೇ ತೀರ್ಮಾನಿಸಿಬಿಟ್ಟೆವು. ನನ್ನ ಅಜ್ಜಿ ಕೂಡ ಅರವತ್ತು ತುಂಬುವ ಮೊದಲೇ ಬೆನ್ನು ಬಾಗಿ, ಗೋಡೆ ಹಿಡಿದು ನಡೆಯುತ್ತಿದ್ದರು ಎಂಬುದು ಆಗ ಯಾರಿಗೂ ನೆನಪಾಗಲಿಲ್ಲ. ಹನ್ನೊಂದು ವರ್ಷಗಳ ನಂತರ ತಾಯಿಯ ಸೊಂಟದ ಮೂಳೆ ಮುರಿದಾಗ ವೈದ್ಯರು ಮನೆತನದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಗಳು ನಿಮ್ಮ ಮನೆಯಲ್ಲಿ ಮೊದಲೇ ಏಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮೂವತ್ತು ದಾಟಿದ, ಮನೆಯ ಹಿರಿಯರಲ್ಲಿ ಮೂಳೆ ಮುರಿತವನ್ನೋ ಬೇಗ ಬಂದ ನಿಶ್ಶಕ್ತಿಯನ್ನೋ ಕಂಡಿರುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು. ರೋಗನಿರ್ಣಯ ವೈದ್ಯರ ಕೆಲಸ. ವೈದ್ಯರ ಬಳಿಗೆ ಏನನ್ನು ತಿಳಿದುಕೊಂಡು ಹೋಗಬೇಕು, ಅಲ್ಲಿಂದ ಬಂದ ಮೇಲೆ ಏನು ಮಾಡಬೇಕು ಎಂಬುದಷ್ಟೇ ಇಲ್ಲಿದೆ.

ಮೊದಲು ತಿಳಿಯಬೇಕಾದದ್ದು: ಎರಡಕ್ಕೂ ಬೇರು ಒಂದೇ ಕಡೆ

ಭ್ರೂಣಕ್ಕೆ ನಾಲ್ಕನೆಯ ವಾರ ನಡೆಯುತ್ತಿರುವಾಗ ಅದರ ಬೆನ್ನಿನ ಉದ್ದಕ್ಕೂ, ಮುಂದೆ ಮಿದುಳುಬಳ್ಳಿಯಾಗುವ ನಾಳದ ಎರಡೂ ಬದಿಗಳಲ್ಲಿ, ಜೋಡಿ ಜೋಡಿಯಾಗಿ ಸಣ್ಣ ಗಂಟುಗಳು ಮೂಡುತ್ತವೆ. ಒಂದೇ ಗಂಟಿನ ಒಂದು ಪಾಲು ಒಳಕ್ಕೆ ಸರಿದು ಬೆನ್ನೆಲುಬು, ಪಕ್ಕೆಲುಬುಗಳಾಗುತ್ತದೆ. ಇನ್ನೊಂದು ಪಾಲು ಸ್ನಾಯುವಾಗುತ್ತದೆ. ಹೀಗೆ ಒಡಹುಟ್ಟಿದ ಎರಡು ಅಂಗಾಂಶಗಳು ಜೀವನಪೂರ್ತಿ ಕೆಲವು ಜೀನ್‌ಗಳ ಮಾತನ್ನು ಒಟ್ಟಿಗೆ ಕೇಳುತ್ತವೆ ಎಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಅವಳಿಗಳನ್ನೂ ಕುಟುಂಬಗಳನ್ನೂ ಹೋಲಿಸಿ ನಡೆಸಿದ ಅಧ್ಯಯನಗಳ ಪ್ರಕಾರ, ಮೂಳೆ ಸಾಂದ್ರತೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇ 50ರಿಂದ 80ರಷ್ಟು ಪಾಲಿಗೆ ಅನುವಂಶಿಕತೆ ಕಾರಣ. ಸ್ನಾಯುವಿನ ರಾಶಿಯ ವಿಷಯದಲ್ಲೂ ಹೆಚ್ಚುಕಡಿಮೆ ಅಷ್ಟೇ. ಸ್ನಾಯುವಿನ ಬಲದಲ್ಲಿ, ಅಂದರೆ ಕೈಹಿಡಿತದಂಥ ಅಳತೆಗಳಲ್ಲಿ, ಈ ಪಾಲು ಸ್ವಲ್ಪ ಇಳಿಯುತ್ತದೆ. ಈ ಸಂಖ್ಯೆಯನ್ನು ತಪ್ಪಾಗಿ ಓದುವವರೇ ಹೆಚ್ಚು. "ನನ್ನ ಮೂಳೆಯ ಶೇ 70ರಷ್ಟು ಆಗಲೇ ನಿರ್ಧಾರವಾಗಿದೆ, ಉಳಿದ 30ರಷ್ಟೇ ನನ್ನ ಕೈಯಲ್ಲಿದೆ" ಎಂದು ಇದರ ಅರ್ಥವಲ್ಲ. ಒಂದು ಗುಂಪಿನ ಜನರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರ ಎಲ್ಲಿಂದ ಬಂತು ಎಂಬುದನ್ನಷ್ಟೇ ಅದು ಹೇಳುತ್ತದೆ. ನಿಮ್ಮೊಬ್ಬರ ಮೂಳೆ ಎಷ್ಟು ಬದಲಾಗಬಲ್ಲದು ಎಂಬುದನ್ನು ಅದರಿಂದ ಲೆಕ್ಕ ಹಾಕಲಾಗದು.

ಒಂದೇ ಜೀನ್ ಎರಡು ಕಡೆ ಕೆಲಸ ಮಾಡುವುದಕ್ಕೆ ಒಳ್ಳೆಯ ಉದಾಹರಣೆ ಮಯೋಸ್ಟಾಟಿನ್. ಇದು ಸ್ನಾಯು ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನು. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸೆ-ಜಿನ್ ಲೀ ಮತ್ತು ಸಂಗಡಿಗರು ಇದರ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿ, ಅವುಗಳ ಸ್ನಾಯು ಸಾಮಾನ್ಯ ಇಲಿಗಳ ಸುಮಾರು ಎರಡರಷ್ಟು ಇರುವುದನ್ನು ತೋರಿಸಿದರು. ಅಂಥ ಇಲಿಗಳ ಮೂಳೆಯೂ ಗಟ್ಟಿಯಾಗಿತ್ತು ಎಂಬುದು ಮುಂದಿನ ಅಧ್ಯಯನಗಳಲ್ಲಿ ತಿಳಿಯಿತು. 2019ರ ಡಿಸೆಂಬರ್‌ನಲ್ಲಿ ಅದೇ ಲೀ ಮತ್ತು ಅವರ ಪತ್ನಿ ಎಮಿಲಿ ಜರ್ಮೇನ್-ಲೀ ನಲವತ್ತು ಇಲಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದರು. ಭಾರವೇ ಇಲ್ಲದ ಆ ವಾತಾವರಣದಲ್ಲಿ ಸಾಮಾನ್ಯ ಇಲಿಗಳ ಸ್ನಾಯು, ಮೂಳೆ ಎರಡೂ ಕರಗಿದವು. ಮಯೋಸ್ಟಾಟಿನ್ ಮತ್ತು ಅದರ ಸೋದರ ಪ್ರೋಟೀನಾದ ಆಕ್ಟಿವಿನ್‌ನ ಸಂಕೇತವನ್ನು ತಡೆಯುವ ಔಷಧ ಪಡೆದ ಇಲಿಗಳಲ್ಲಿ ಎರಡೂ ಉಳಿದವು.

ಆದರೆ ಎರಡೂ ಯಾವಾಗಲೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ ಎಂದುಕೊಳ್ಳಬೇಡಿ. 2017ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಜೀನ್ ಮಾಹಿತಿಯನ್ನು ಅವರ ಮೂಳೆ ಸಾಂದ್ರತೆ, ಸ್ನಾಯು ರಾಶಿಗಳ ಜೊತೆಗಿಟ್ಟು ನೋಡಿದ ಅಂತರರಾಷ್ಟ್ರೀಯ ಅಧ್ಯಯನವೊಂದು ಎರಡರ ಮೇಲೂ ಪ್ರಭಾವ ಬೀರುವ ಎಂಟು ತಾಣಗಳನ್ನು, ಅಂದರೆ ವರ್ಣತಂತುಗಳ ಮೇಲಿನ ಎಂಟು ಜಾಗಗಳನ್ನು, ಗುರುತಿಸಿತು. ಅವುಗಳಲ್ಲಿ 17ನೇ ವರ್ಣತಂತುವಿನ ಮೇಲಿರುವ, ಎಸ್‌ಆರ್‌ಇಬಿಎಫ್1 ಎಂಬ ಜೀನ್ ಇರುವ ತಾಣ ವಿಚಿತ್ರವಾಗಿ ನಡೆದುಕೊಂಡಿತು: ಅಲ್ಲಿನ ವ್ಯತ್ಯಾಸಗಳು ಸ್ನಾಯುವನ್ನು ಒಂದು ದಿಕ್ಕಿಗೆ, ಮೂಳೆಯನ್ನು ಅದರ ವಿರುದ್ಧ ದಿಕ್ಕಿಗೆ ಎಳೆಯುತ್ತಿದ್ದವು. ದಷ್ಟಪುಷ್ಟ ದೇಹದವರ ಮೂಳೆಯೂ ಗಟ್ಟಿಯಾಗಿಯೇ ಇರುತ್ತದೆ ಎಂಬ ಊಹೆಯನ್ನು ನೆಚ್ಚಿಕೊಳ್ಳಲಾಗದು. ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಜೀನ್ ಮೂಳೆಯನ್ನು ತಲುಪಲು ಇನ್ನೊಂದು ಸುತ್ತುದಾರಿಯೂ ಇದೆ. ಮೂಳೆ ತನ್ನ ಮೇಲೆ ಬೀಳುವ ಎಳೆತಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಆ ಎಳೆತದ ಬಹುಪಾಲು ಬರುವುದು ಸ್ನಾಯುವಿನಿಂದ. ಆದ್ದರಿಂದ ಸ್ನಾಯುವಿಗೆ ಮಾತ್ರ ಸಂಬಂಧಿಸಿದ ಜೀನ್ ಕೂಡ ವರ್ಷಗಳು ಉರುಳಿದಂತೆ ಮೂಳೆಯ ಮೇಲೆ ತನ್ನ ಗುರುತು ಬಿಡುತ್ತದೆ. ಜೀನ್‌ಗಳನ್ನು ಬದಲಾಯಿಸಲು ನಮ್ಮಿಂದ ಆಗದು, ಈ ಎಳೆತವನ್ನು ಹೆಚ್ಚಿಸುವುದು ಮಾತ್ರ ಸಾಧ್ಯ.

ಮೊದಲ ಹೆಜ್ಜೆ: ಹಿರಿಯರ ಬಳಿ ಕುಳಿತು ಕೇಳಿ

ಒಂದು ಹಾಳೆ ತೆಗೆದುಕೊಳ್ಳಿ. ತಂದೆ, ತಾಯಿ, ಅವರ ಒಡಹುಟ್ಟಿದವರು, ನಾಲ್ವರು ಅಜ್ಜ-ಅಜ್ಜಿಯರು, ನಿಮ್ಮ ಒಡಹುಟ್ಟಿದವರು, ಇಷ್ಟು ಹೆಸರುಗಳನ್ನು ಬರೆಯಿರಿ. ತಂದೆಯ ಕಡೆಯನ್ನು ಬಿಡಬೇಡಿ. ಮೂಳೆ ಸವೆತವೆಂದರೆ ಹೆಂಗಸರ ಕಾಯಿಲೆ ಎಂಬ ನಂಬಿಕೆಯಿಂದ ಅರ್ಧ ಚರಿತ್ರೆ ಹಲವು ಮನೆಗಳಲ್ಲಿ ಕಳೆದುಹೋಗುತ್ತದೆ.

ಮೂಳೆ ಮುರಿದಿತ್ತೇ ಎಂದು ಕೇಳಿ ನಿಲ್ಲಿಸಬೇಡಿ. ಯಾವ ವಯಸ್ಸಿನಲ್ಲಿ, ಯಾವ ಮೂಳೆ, ಹೇಗೆ ಬಿದ್ದಾಗ ಎಂಬ ಮೂರೂ ಬೇಕು. ಅವುಗಳಲ್ಲಿ ವಯಸ್ಸು ಎಲ್ಲಕ್ಕಿಂತ ಮುಖ್ಯ. 33,000ಕ್ಕೂ ಹೆಚ್ಚು ಸ್ವೀಡಿಷ್ ಅವಳಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಓದಿದ ದಿನ ನಾನು ನನ್ನ ಹಾಳೆಯನ್ನು ಮತ್ತೆ ಮೊದಲಿನಿಂದ ಬರೆದೆ. 69 ವರ್ಷಕ್ಕೆ ಮೊದಲು ಆಗುವ ಸೊಂಟದ ಮೂಳೆ ಮುರಿತದಲ್ಲಿ ಅನುವಂಶಿಕತೆಯ ಪಾಲು ಶೇ 68. 69ರಿಂದ 79ರವರೆಗೆ ಅದು ಶೇ 47ಕ್ಕೆ ಇಳಿಯುತ್ತದೆ. 79 ದಾಟಿದ ಮೇಲೆ ಕೇವಲ ಶೇ 3. ಅಂದರೆ 88ರಲ್ಲಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜನ ಬಗ್ಗೆ ನೀವು ಅಷ್ಟಾಗಿ ಕಳವಳಪಡಬೇಕಿಲ್ಲ. 62ರಲ್ಲಿ ಮುರಿದುಕೊಂಡ ಸೋದರತ್ತೆಯ ಹೆಸರಿನ ಕೆಳಗೆ ಗೆರೆ ಎಳೆಯಬೇಕು.

ಹೇಗೆ ಬಿದ್ದರು ಎಂಬುದಕ್ಕೂ ತೂಕವಿದೆ. ವಾಹನ ಅಪಘಾತದಲ್ಲೋ ಮರದಿಂದ ಬಿದ್ದೋ ಮುರಿದದ್ದು ಬೇರೆ ಲೆಕ್ಕ. ನಿಂತ ಎತ್ತರದಿಂದ ಅಥವಾ ಅದಕ್ಕಿಂತ ಕೆಳಗಿನಿಂದ ಬಿದ್ದು, ಕೆಮ್ಮಿದಾಗ, ಬಕೆಟ್ ಎತ್ತುವಾಗ ಮೂಳೆ ಮುರಿದಿದ್ದರೆ ಅದು ದುರ್ಬಲ ಮೂಳೆಯ ಮುರಿತ. ಬೆನ್ನುಮೂಳೆಯ ಕುಸಿತ ಎಷ್ಟೋ ಸಲ ನೋವೇ ಇಲ್ಲದೆ ಆಗಿಬಿಡುವುದರಿಂದ "ಬೆನ್ನು ಮುರಿದಿತ್ತೇ" ಎಂಬ ಪ್ರಶ್ನೆಗೆ ಯಾರೂ ಹೌದೆನ್ನುವುದಿಲ್ಲ. ಅದರ ಬದಲು "ಎತ್ತರ ಕಡಿಮೆಯಾಯಿತೇ, ಬೆನ್ನು ಯಾವಾಗಿನಿಂದ ಬಾಗಿತು" ಎಂದು ಕೇಳಿ. ಹಳೆಯ ಫೋಟೋಗಳು ಇಲ್ಲಿ ಬಹಳ ಸಹಾಯ ಮಾಡುತ್ತವೆ. ನನ್ನ ಅಜ್ಜಿ 45ರಲ್ಲಿ ಅಜ್ಜನ ಭುಜದ ಸಮ ನಿಂತಿದ್ದ ಚಿತ್ರವನ್ನೂ 63ರಲ್ಲಿ ಅವರ ಎದೆಯ ಮಟ್ಟಕ್ಕೆ ನಿಂತಿದ್ದ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗಲೇ ನನಗೆ ವಿಷಯ ಅರ್ಥವಾದದ್ದು.

ಇನ್ನು ಸ್ನಾಯುವಿನ ಪ್ರಶ್ನೆಗಳು. ಇವುಗಳನ್ನು ವೈದ್ಯರ ಬಳಿ ತುಂಬುವ ಹೆಚ್ಚಿನ ನಮೂನೆಗಳು ಕೇಳುವುದೇ ಇಲ್ಲ. ಯಾವ ವಯಸ್ಸಿನಿಂದ ಕುರ್ಚಿಯಿಂದ ಏಳಲು ಕೈ ಊರಬೇಕಾಯಿತು? ಮೆಟ್ಟಿಲು ಹತ್ತುವಾಗ ಕಟಾಂಜನ ಹಿಡಿಯತೊಡಗಿದ್ದು ಯಾವಾಗ? ಪದೇ ಪದೇ ಬೀಳುತ್ತಿದ್ದರೇ? ಬಟ್ಟೆ ಹಿಂಡಲು, ಮುಚ್ಚಳ ತೆಗೆಯಲು ಕೈ ಸೋಲುತ್ತಿತ್ತೇ? ಚಿಕ್ಕಂದಿನಲ್ಲಿ ನಡೆಯಲು ತಡವಾಗಿತ್ತೇ?

ತಾಯಿ ಮತ್ತು ಅಕ್ಕಂದಿರಿಗೆ ಮುಟ್ಟು ನಿಂತ ವಯಸ್ಸನ್ನೂ ಬರೆದುಕೊಳ್ಳಿ. ಅದು ಬೇಗ ನಿಲ್ಲುವ ಸ್ವಭಾವ ಕುಟುಂಬಗಳಲ್ಲಿ ಹರಿದುಬರುತ್ತದೆ. ಮುಟ್ಟು ನಿಂತು ಈಸ್ಟ್ರೊಜೆನ್ ಹಾರ್ಮೋನು ಕಡಿಮೆಯಾದ ನಂತರದ ಕೆಲವು ವರ್ಷಗಳಲ್ಲಿ ಮೂಳೆ ಅತಿ ವೇಗವಾಗಿ ಸವೆಯುವುದರಿಂದ 42ಕ್ಕೆ ನಿಂತವರಿಗೂ 52ಕ್ಕೆ ನಿಂತವರಿಗೂ ನಡುವೆ ಅಂತರ ದೊಡ್ಡದು.

ಒಂದು ಎಚ್ಚರ. ಹಿರಿಯರೊಬ್ಬರು ಆಸ್ತಮಾಕ್ಕೋ ಕೀಲುವಾತಕ್ಕೋ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ಅವರ ಮೂಳೆಯೂ ತೊಡೆಯ ಸ್ನಾಯುವೂ ಆ ಔಷಧದಿಂದಲೇ ಸೋತಿರಬಹುದು. ಅತಿಯಾದ ಮದ್ಯಪಾನ, ಧೂಮಪಾನ, ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್, ದೀರ್ಘಕಾಲ ಹಾಸಿಗೆ ಹಿಡಿದಿರುವುದು, ಇವೂ ಎರಡನ್ನೂ ಕಾಡುತ್ತವೆ. ಅಂಥ ಹೆಸರಿನ ಪಕ್ಕದಲ್ಲಿ ಒಂದು ಗುರುತು ಹಾಕಿ. ಅವರ ಕಾಯಿಲೆಯನ್ನೆಲ್ಲ ಅನುವಂಶಿಕತೆಗೆ ಅಂಟಿಸಿದರೆ ಹಾಳೆ ಸುಳ್ಳು ಹೇಳುತ್ತದೆ.

ಎರಡನೇ ಹೆಜ್ಜೆ: ಒಂಟಿ ಜೀನ್‌ನ ಕಾಯಿಲೆಗಳ ಸುಳಿವು ಇದೆಯೇ ನೋಡಿ

ಬಹುಪಾಲು ಜನರಲ್ಲಿ ನೂರಾರು ಜೀನ್‌ಗಳು ತಲಾ ಒಂದಿಷ್ಟು ಕೊಡುಗೆ ನೀಡಿ ಮೂಳೆಯ ಗಟ್ಟಿತನವನ್ನು ರೂಪಿಸುತ್ತವೆ. ಆದರೆ ಕೆಲವು ಮನೆತನಗಳಲ್ಲಿ ಒಂದೇ ಜೀನ್‌ನ ದೋಷ ಎಲ್ಲವನ್ನೂ ನಿರ್ಧರಿಸಿಬಿಡುತ್ತದೆ. ಇವು ಅಪರೂಪ, ಆದರೂ ಗುರುತಿಸಿದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಆದ್ದರಿಂದ ಈ ಹೆಜ್ಜೆಯನ್ನು ಹಾರಿಸಬೇಡಿ.

ಹಾಲುಹಲ್ಲು ಐದು ವರ್ಷಕ್ಕೂ ಮುಂಚೆ ಬೇರುಸಹಿತ ಬಿದ್ದುಹೋದದ್ದು, ದೊಡ್ಡವರಾದ ಮೇಲೆ ಪಾದದ ಮೂಳೆಯಲ್ಲೋ ತೊಡೆಮೂಳೆಯಲ್ಲೋ ಕೂದಲೆಳೆಯಂಥ ಬಿರುಕು ಬಂದು ತಿಂಗಳುಗಟ್ಟಲೆ ಕೂಡದಿರುವುದು, ಜೊತೆಗೆ ಸ್ನಾಯು ನೋವು, ನಿಶ್ಶಕ್ತಿ. ಇವೆಲ್ಲ ಒಂದೇ ಮನೆಯಲ್ಲಿ ಕಂಡರೆ ಮೂಳೆಗೂ ಹಲ್ಲಿಗೂ ಖನಿಜ ಸರಿಯಾಗಿ ಸೇರದ ಹೈಪೊಫಾಸ್ಫಟೇಸಿಯಾ ಎಂಬ ಕಾಯಿಲೆ ಇರಬಹುದು. ಇದರ ಸುಳಿವು ಸಾಮಾನ್ಯ ರಕ್ತಪರೀಕ್ಷೆಯ ವರದಿಯಲ್ಲೇ ಕುಳಿತಿರುತ್ತದೆ: ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಮಟ್ಟ ಪದೇ ಪದೇ ಕಡಿಮೆ ಬರುತ್ತದೆ. ಆ ಮಟ್ಟ ಏರಿದರೆ ಎಲ್ಲರ ಗಮನ ಹೋಗುತ್ತದೆ, ಇಳಿದರೆ ಬಹುತೇಕ ಯಾರೂ ನೋಡುವುದಿಲ್ಲ. ನಿಮ್ಮ ಹಳೆಯ ವರದಿಗಳನ್ನು ಒಮ್ಮೆ ತೆಗೆದು ನೋಡಿ. ಮೂಳೆ ಸವೆತಕ್ಕೆ ಸಾಮಾನ್ಯವಾಗಿ ಕೊಡುವ ಬಿಸ್‌ಫಾಸ್ಫೊನೇಟ್ ಗುಂಪಿನ ಮಾತ್ರೆಗಳು ಈ ಕಾಯಿಲೆಯವರಿಗೆ ಹಾನಿ ಮಾಡಬಹುದಾದ್ದರಿಂದ ವಿಷಯವನ್ನು ವೈದ್ಯರ ಗಮನಕ್ಕೆ ತರುವುದು ಮುಖ್ಯ.

ಬಾಗಿದ ಕಾಲುಗಳು, ಕುಳ್ಳ ದೇಹ, ಓಲಾಡುವ ನಡಿಗೆ, ಹಲ್ಲಿನ ಬುಡದಲ್ಲಿ ಮತ್ತೆ ಮತ್ತೆ ಕೀವು, ಇವು ತಾಯಿಯಿಂದ ಮಕ್ಕಳಿಗೆ ಅಥವಾ ತಂದೆಯಿಂದ ಹೆಣ್ಣುಮಕ್ಕಳಿಗೆಲ್ಲ ದಾಟುತ್ತಿದ್ದರೆ ಎಕ್ಸ್ ವರ್ಣತಂತುವಿನ ಮೇಲಿನ ಫೆಕ್ಸ್ ಜೀನ್‌ನ ದೋಷವನ್ನು ಶಂಕಿಸಬೇಕು. ದೇಹ ಫಾಸ್ಫೇಟನ್ನು ಮೂತ್ರದಲ್ಲಿ ಕಳೆದುಕೊಳ್ಳುವುದರಿಂದ ಇಲ್ಲಿ ಮೂಳೆಯೂ ಮೆತ್ತಗಾಗುತ್ತದೆ, ಸ್ನಾಯುವೂ ಸೋಲುತ್ತದೆ. ಕಣ್ಣಿನ ಬಿಳಿಭಾಗದಲ್ಲಿ ನೀಲಿ ಛಾಯೆ, ಚಿಕ್ಕಂದಿನಿಂದ ಹಲವು ಮುರಿತಗಳು, ಅತಿಯಾಗಿ ಬಾಗುವ ಕೀಲುಗಳು, ಯೌವನದಲ್ಲೇ ಕಿವಿ ಮಂದವಾಗುವುದು, ಇವು ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟಾ ಎಂಬ ಕಾಯಿಲೆಯ ಲಕ್ಷಣಗಳು. ಅದು ಹೆಚ್ಚಾಗಿ ಮೂಳೆಗೆ ಹಂದರವಾಗುವ ಕೊಲಾಜನ್ ಎಂಬ ಪ್ರೋಟೀನಿನ ಜೀನ್‌ಗಳ ದೋಷದಿಂದ ಬರುತ್ತದೆ. ಗಂಡುಹುಡುಗರಲ್ಲಿ ಚಿಕ್ಕ ವಯಸ್ಸಿನಲ್ಲೇ ಸ್ನಾಯು ಕ್ಷಯಿಸುವ ಡುಶೇನ್ ಕಾಯಿಲೆಯಲ್ಲಿ ದೋಷವಿರುವುದು ಸ್ನಾಯುವಿನ ಪ್ರೋಟೀನಿನಲ್ಲಿ, ಆದರೆ ಎಳೆತ ಕಳೆದುಕೊಂಡ ಮೂಳೆಯೂ ಅದರ ಜೊತೆ ಸೊರಗುತ್ತದೆ. ಚಿಕಿತ್ಸೆಗೆ ಬಳಸುವ ಸ್ಟೀರಾಯ್ಡ್ ಅದನ್ನು ಇನ್ನಷ್ಟು ಕುಂದಿಸುತ್ತದೆ. ಇಂಥ ಮನೆಗಳಲ್ಲಿ ಮೂಳೆಯ ತಪಾಸಣೆಯನ್ನು ಮೊದಲ ಮುರಿತದವರೆಗೆ ಮುಂದೂಡಬಾರದು.

ಈ ಯಾವ ಸುಳಿವೂ ಇಲ್ಲದಿದ್ದರೆ ಒಳ್ಳೆಯದೇ ಆಯಿತು, ಮುಂದೆ ಹೋಗಿ.

ಮೂರನೇ ಹೆಜ್ಜೆ: ನಿಮ್ಮನ್ನು ಅಳೆದುಕೊಳ್ಳಿ

ಮೊದಲ ಅಳತೆಗೆ ಒಂದು ಕುರ್ಚಿ ಮತ್ತು ಗಡಿಯಾರ ಸಾಕು. ಕೈಯಿಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕುಳಿತುಕೊಳ್ಳಿ. ಸಾರ್ಕೊಪೀನಿಯಾ, ಅಂದರೆ ವಯಸ್ಸಿನೊಂದಿಗೆ ಬರುವ ಸ್ನಾಯುಕ್ಷಯ, ಇದರ ಬಗ್ಗೆ ಏಷ್ಯಾದ ತಜ್ಞರ ತಂಡ 2019ರಲ್ಲಿ ನೀಡಿದ ಮಾನದಂಡದಲ್ಲಿ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಗಮನ ಬೇಕು. ಯುರೋಪಿನ ತಂಡ 15 ಸೆಕೆಂಡನ್ನು ಗಡಿಯಾಗಿ ಇಟ್ಟುಕೊಂಡಿದೆ. ಕೈಹಿಡಿತವನ್ನು ಅಳೆಯುವ ಸಣ್ಣ ಉಪಕರಣ ಫಿಸಿಯೋಥೆರಪಿ ಕೇಂದ್ರಗಳಲ್ಲಿ ಸಿಗುತ್ತದೆ. ಏಷ್ಯಾದ ಮಾನದಂಡದಂತೆ ಪುರುಷರಲ್ಲಿ 28 ಕೆ.ಜಿ., ಮಹಿಳೆಯರಲ್ಲಿ 18 ಕೆ.ಜಿ.ಗಿಂತ ಕಡಿಮೆಯಿದ್ದರೆ ಅದು ಕಡಿಮೆ ಬಲ. ಯುರೋಪಿನಲ್ಲಿ ಅದೇ ಗಡಿ 27 ಮತ್ತು 16. ಈ ಗಡಿಗಳು ವಯಸ್ಸಾದವರಿಗೆ ಗೊತ್ತುಮಾಡಿದವು. ನಲವತ್ತರ ವಯಸ್ಸಿನಲ್ಲೇ ನೀವು ಅವುಗಳ ಹತ್ತಿರ ಸುಳಿಯುತ್ತಿದ್ದರೆ ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಿ.

ಎತ್ತರವನ್ನು ವರ್ಷಕ್ಕೊಮ್ಮೆ ಅಳೆದು ಅದೇ ಹಾಳೆಯಲ್ಲಿ ಬರೆಯಿರಿ.

ಮೂಳೆಗೆ ಡೆಕ್ಸಾ ಸ್ಕ್ಯಾನ್, ಅಂದರೆ ಕ್ಷ-ಕಿರಣದಿಂದ ಮೂಳೆ ಸಾಂದ್ರತೆ ಅಳೆಯುವ ಪರೀಕ್ಷೆ, ಬೇಕು. ಹತ್ತು ಹದಿನೈದು ನಿಮಿಷದ ಕೆಲಸ, ನೋವಿಲ್ಲ, ವಿಕಿರಣ ಅತ್ಯಲ್ಪ. ಫಲಿತಾಂಶದಲ್ಲಿ ಬರುವ ಟಿ-ಸ್ಕೋರ್ ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವ ವಯಸ್ಕರ ಸರಾಸರಿಗೆ ಹೋಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 1994ರ ವಿಂಗಡಣೆಯಂತೆ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ (ಮೂಳೆ ಸವೆತ), ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದ್ದರೆ ಕಡಿಮೆ ಸಾಂದ್ರತೆ. ಸಾಮಾನ್ಯವಾಗಿ 65 ದಾಟಿದ ಮಹಿಳೆಯರಿಗೆ ಇದನ್ನು ಸೂಚಿಸುತ್ತಾರೆ. ಮುಟ್ಟು ನಿಂತಿದ್ದು, ನಿಮ್ಮ ಹಾಳೆಯಲ್ಲಿ ಗೆರೆ ಎಳೆದ ಹೆಸರಿದ್ದರೆ, ಅದಕ್ಕೂ ಮೊದಲೇ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಲು ನಿಮಗೆ ಸಕಾರಣವಿದೆ. ಇಡೀ ದೇಹದ ಡೆಕ್ಸಾ ಮಾಡಿಸಿದರೆ ಸ್ನಾಯುವಿನ ರಾಶಿಯೂ ಅದರಲ್ಲೇ ತಿಳಿಯುತ್ತದೆ. ಮುಂದಿನ ಸಲವೂ ಅದೇ ಯಂತ್ರದಲ್ಲಿ ಮಾಡಿಸಿ. ಯಂತ್ರ ಬದಲಾದರೆ ಸಣ್ಣ ಏರಿಳಿತಕ್ಕೆ ಅರ್ಥವಿರುವುದಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಮುರಿತದ ಸಾಧ್ಯತೆಯನ್ನು ಲೆಕ್ಕ ಹಾಕುವ ಫ್ರಾಕ್ಸ್ ಎಂಬ ಸಾಧನವನ್ನು ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದಿತು. ತಂದೆ ಅಥವಾ ತಾಯಿಯ ಸೊಂಟದ ಮೂಳೆ ಮುರಿದಿತ್ತೇ ಎಂಬ ಪ್ರಶ್ನೆ ಅದರಲ್ಲಿದೆ, ಏಕೆಂದರೆ ಸ್ಕ್ಯಾನ್‌ನಲ್ಲಿ ಸಾಂದ್ರತೆ ಒಂದೇ ಇದ್ದರೂ ಅಂಥ ಚರಿತ್ರೆಯುಳ್ಳವರಿಗೆ ಅಪಾಯ ಹೆಚ್ಚು. ಆದರೆ ಮೂಲ ಫ್ರಾಕ್ಸ್ ಸ್ನಾಯುವಿನ ಬಗ್ಗೆಯಾಗಲಿ ಬೀಳುವುದರ ಬಗ್ಗೆಯಾಗಲಿ ಏನನ್ನೂ ಕೇಳುವುದಿಲ್ಲ. ಕುರ್ಚಿ ಪರೀಕ್ಷೆಯ ಫಲಿತಾಂಶವನ್ನು ನೀವಾಗಿಯೇ ವೈದ್ಯರ ಮುಂದೆ ಇಡಬೇಕು. ಮೂಳೆ ದುರ್ಬಲವಾಗಿರುವುದರ ಜೊತೆಗೆ ಕಾಲೂ ಸೋತಿದ್ದರೆ ಬೀಳುವ ಸಂಭವವೂ ಹೆಚ್ಚು, ಬಿದ್ದಾಗ ಮುರಿಯುವ ಸಂಭವವೂ ಹೆಚ್ಚು.

ನಾಲ್ಕನೇ ಹೆಜ್ಜೆ: ಜೀನ್ ಪರೀಕ್ಷೆ ಬೇಕೇ?

ಎರಡನೇ ಹೆಜ್ಜೆಯ ಸುಳಿವುಗಳು ಸಿಕ್ಕವರಿಗೆ ಬೇಕು. ಅದನ್ನೂ ಅನುವಂಶಿಕತೆಯ ಸಲಹೆಗಾರರ ಮೂಲಕ ಮಾಡಿಸಬೇಕು. ಉಳಿದವರಿಗೆ ಬೇಡ ಎಂದೇ ನನ್ನ ದೃಢ ಅಭಿಪ್ರಾಯ.

ಕಾರಣ ಹೇಳುತ್ತೇನೆ. 1994ರಲ್ಲಿ ಜೀವಕೋಶದಲ್ಲಿ ವಿಟಮಿನ್ ಡಿಯನ್ನು ಹಿಡಿದುಕೊಳ್ಳುವ ಪ್ರೋಟೀನಿನ (ಗ್ರಾಹಕದ) ಒಂದೇ ಜೀನ್ ನೋಡಿ ಮೂಳೆ ಸಾಂದ್ರತೆಯನ್ನು ಊಹಿಸಬಹುದೆಂಬ ಪ್ರಬಂಧ ಜಗತ್ತಿನ ಹೆಸರಾಂತ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ ಸಂಚಲನ ಮೂಡಿಸಿತು. 1997ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಹತ್ತಾರು ಸಾವಿರ ಜನರನ್ನು ಪರೀಕ್ಷಿಸಿದ ನಂತರದ ಅಧ್ಯಯನಗಳಲ್ಲಿ ಆ ನಂಟು ಬಹುತೇಕ ಕರಗಿಹೋಯಿತು. 2019ರಲ್ಲಿ ಬ್ರಿಟನ್ನಿನ 4,26,824 ಜನರ ಹಿಮ್ಮಡಿ ಮೂಳೆಯ ಅಳತೆಯನ್ನು ಆಧರಿಸಿದ ಅಧ್ಯಯನ 518 ತಾಣಗಳನ್ನು ಗುರುತಿಸಿತು. ಅವೆಲ್ಲವನ್ನೂ ಕೂಡಿದರೂ ವ್ಯತ್ಯಾಸದ ಐದನೇ ಒಂದು ಭಾಗದಷ್ಟನ್ನು ಮಾತ್ರ ವಿವರಿಸಬಹುದು. ಹೀಗಿರುವಾಗ ಐದಾರು ಜೀನ್ ನೋಡಿ "ನಿಮ್ಮ ಮೂಳೆ ದುರ್ಬಲ" ಎಂದು ಹೇಳುವ ವರದಿಗೆ ಎಷ್ಟು ಬೆಲೆ ಕೊಡಬೇಕು? ಇಂಥ ದೊಡ್ಡ ಅಧ್ಯಯನಗಳಲ್ಲಿ ಪಾಲ್ಗೊಂಡವರು ಬಹುಪಾಲು ಯುರೋಪ್ ಮೂಲದವರಾದ್ದರಿಂದ ಬೇರೆ ಮೂಲದವರಿಗೆ ಈ ಲೆಕ್ಕಾಚಾರ ಇನ್ನೂ ಸಡಿಲ.

"ವೇಗದ ಜೀನ್" ಎಂದು ಜಾಹೀರಾತುಗಳಲ್ಲಿ ಬರುವ ಎಸಿಟಿಎನ್3 ಬಗ್ಗೆಯೂ ಒಂದು ಮಾತು. ಜಗತ್ತಿನ ಸುಮಾರು ಐವರಲ್ಲಿ ಒಬ್ಬರ ಸ್ನಾಯುವಿನಲ್ಲಿ ಈ ಜೀನ್‌ನ ಪ್ರೋಟೀನ್ ಇರುವುದೇ ಇಲ್ಲ, ಅವರೆಲ್ಲ ಆರೋಗ್ಯವಾಗಿಯೇ ಇದ್ದಾರೆ. ಅದನ್ನು ನೋಡಿ ಮಗುವಿಗೆ ಆಟ ಆರಿಸುವುದು ಮಗುವಿಗೆ ಮಾಡುವ ಅನ್ಯಾಯ.

ಹಿರಿಯರನ್ನು ಕೇಳಿ ಬರೆದ ಆ ಹಾಳೆ ಇಂದಿಗೂ ಹೆಚ್ಚು ನಂಬಲರ್ಹ.

ಐದನೇ ಹೆಜ್ಜೆ: ಭಾರ ಹೊರಿಸಿ

ಟೆನಿಸ್, ಸ್ಕ್ವಾಷ್ ಆಟಗಾರ್ತಿಯರ ಎರಡು ತೋಳುಗಳನ್ನು ಹೋಲಿಸಿದ ಫಿನ್ಲೆಂಡಿನ ಅಧ್ಯಯನ ನನಗೆ ಬಹಳ ಪ್ರಿಯ. ಎರಡೂ ತೋಳುಗಳಲ್ಲಿ ಇರುವುದು ಒಂದೇ ಜೀನ್‌ಗಳು, ಹರಿಯುವುದು ಒಂದೇ ರಕ್ತ. ಆದರೂ ಆಡುವ ತೋಳಿನ ಮೂಳೆಯಲ್ಲಿ ಖನಿಜ ಸ್ಪಷ್ಟವಾಗಿ ಹೆಚ್ಚು. ಋತುಮತಿಯಾಗುವ ಮೊದಲೇ ಅಥವಾ ಆ ಹೊತ್ತಿಗೆ ಆಟ ಆರಂಭಿಸಿದವರಲ್ಲಿ ಈ ಅಂತರ, ಬಹಳ ತಡವಾಗಿ ಆರಂಭಿಸಿದವರಿಗಿಂತ ಎರಡರಿಂದ ನಾಲ್ಕು ಪಟ್ಟು ದೊಡ್ಡದಾಗಿತ್ತು. ಮನೆತನದ ಹಾಳೆಯಲ್ಲಿ ಗೆರೆ ಬಿದ್ದಿದ್ದರೆ ಅದರ ಮೊದಲ ಫಲ ಮಕ್ಕಳಿಗೆ ಸಿಗಬೇಕು: ಅವರು ಕುಣಿಯಲಿ, ಜಿಗಿಯಲಿ, ಓಡಲಿ. ಮೂಳೆಯ ಸಂಗ್ರಹ ಇಪ್ಪತ್ತರ ಕೊನೆಯ ಹೊತ್ತಿಗೆ ಶಿಖರ ಮುಟ್ಟುತ್ತದೆ, ಆಮೇಲಿನದೆಲ್ಲ ಆ ಗಂಟನ್ನು ಕಾಪಾಡಿಕೊಳ್ಳುವ ಕೆಲಸ.

ದೊಡ್ಡವರಿಗೆ ನಡಿಗೆ ಒಳ್ಳೆಯದೇ, ಆದರೆ ಮೂಳೆ ಕಟ್ಟಲು ಅಷ್ಟು ಸಾಲದು. ತಾನು ಈಗಾಗಲೇ ಒಗ್ಗಿಹೋಗಿರುವ ಭಾರಕ್ಕೆ ಮೂಳೆ ಓಗೊಡುವುದಿಲ್ಲ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಲಿಫ್ಟ್‌ಮೋರ್ ಪ್ರಯೋಗದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ 101 ಮಹಿಳೆಯರು ಭಾಗವಹಿಸಿದರು. ಒಂದು ಗುಂಪು ಎಂಟು ತಿಂಗಳ ಕಾಲ ವಾರಕ್ಕೆ ಎರಡು ಸಲ, ಅರ್ಧ ಗಂಟೆ, ತರಬೇತುದಾರರ ಕಣ್ಣೆದುರಲ್ಲೇ ಭಾರ ಎತ್ತಿತು. ಒಂದು ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರದ ಶೇ 85ಕ್ಕೂ ಹೆಚ್ಚು, ಜೊತೆಗೆ ಜಿಗಿದು ನೆಲಕ್ಕೆ ಬರುವ ವ್ಯಾಯಾಮ. ಇನ್ನೊಂದು ಗುಂಪು ಮನೆಯಲ್ಲೇ ಹಗುರ ವ್ಯಾಯಾಮ ಮಾಡಿತು. ಭಾರ ಎತ್ತಿದವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಶೇ 2.9ರಷ್ಟು ಏರಿತು, ಹಗುರ ವ್ಯಾಯಾಮದವರಲ್ಲಿ ಶೇ 1.2ರಷ್ಟು ಇಳಿಯಿತು. ಭಾರ ಎತ್ತಿದವರು ಕುರ್ಚಿಯಿಂದ ಏಳುವ ವೇಗದಲ್ಲೂ ಮುಂದಿದ್ದರು.

ಇದನ್ನು ಓದಿ ನಾಳೆಯೇ ದೊಡ್ಡ ಭಾರ ಎತ್ತಲು ಹೋಗಬೇಡಿ. ಮೊದಲ ತಿಂಗಳು ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಕೈಕೊಟ್ಟು ದೇಹವನ್ನು ತಳ್ಳುವುದು, ಹಿಮ್ಮಡಿ ಎತ್ತಿ ನೆಲಕ್ಕೆ ಕುಟ್ಟುವುದು, ಆಸರೆಯ ಪಕ್ಕದಲ್ಲಿ ಒಂಟಿ ಕಾಲಿನಲ್ಲಿ ನಿಲ್ಲುವುದು. ಹತ್ತು ಸಲ ಸುಲಭವಾಗಿ ಮಾಡಬಲ್ಲಿರಿ ಎಂದಾದ ಮೇಲೆ ಭಾರ ಸೇರಿಸಿ. ಎಂಟು ಹತ್ತು ಸಲಕ್ಕೆ ಸ್ನಾಯು ನಿಜವಾಗಿ ದಣಿಯುವಂತಿರಬೇಕು. ವಾರಕ್ಕೆ ಎರಡು ದಿನ, ನಡುವೆ ಬಿಡುವು. ಬೆನ್ನುಮೂಳೆ ಕುಸಿದಿರುವವರು ಮುಂದಕ್ಕೆ ಬಾಗಿ ಭಾರ ಎತ್ತುವುದನ್ನೂ ಸೊಂಟ ತಿರುಚುವುದನ್ನೂ ಬಿಟ್ಟು, ಫಿಸಿಯೋಥೆರಪಿಸ್ಟ್ ಜೊತೆಗೇ ಆರಂಭಿಸಬೇಕು.

"ನನಗೆ ವಯಸ್ಸಾಯಿತು" ಎಂದು ತಾಯಿ ಅಂದಾಗ ನಾನು ಅವರಿಗೆ 1990ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದ ಬಗ್ಗೆ ಹೇಳಿದೆ. ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಜನ ಎಂಟು ವಾರ ಕಾಲಿನ ಸ್ನಾಯುಗಳಿಗೆ ಭಾರದ ತರಬೇತಿ ಪಡೆದರು. ಪೂರ್ತಿಗೊಳಿಸಿದ ಒಂಬತ್ತು ಜನರ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ತಾಯಿ ಮಾರನೆಯ ದಿನ ಬೆಳಿಗ್ಗೆ ಕುರ್ಚಿಯನ್ನು ತಾವೇ ಗೋಡೆಗೆ ಎಳೆದುಕೊಂಡರು.

ಆರನೇ ಹೆಜ್ಜೆ: ಊಟ ಮತ್ತು ಔಷಧ

ಊಟದ ವಿಷಯ ಚಿಕ್ಕದು. ವಯಸ್ಸಾದವರಿಗೆ ದೇಹದ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು; ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿ ನಿರ್ಧರಿಸಬೇಕು. ಕ್ಯಾಲ್ಸಿಯಂ ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ, ಸಾಧ್ಯವಾದಷ್ಟೂ ಆಹಾರದಿಂದಲೇ. ವಿಟಮಿನ್ ಡಿ ಕೊರತೆಯಿದ್ದರೆ ತುಂಬಿಕೊಳ್ಳಲೇಬೇಕು. ಆದರೆ ಕೊರತೆಯಿಲ್ಲದವರು ಮಾತ್ರೆ ನುಂಗುತ್ತ ಹೋದರೆ ಮುರಿತ ತಪ್ಪುತ್ತದೆ ಎಂಬ ಭರವಸೆ ಬೇಡ. 2018ರ ದೊಡ್ಡ ಅಧ್ಯಯನವೊಂದರಲ್ಲಿ, ಹುಟ್ಟಿನಿಂದಲೇ ವಿಟಮಿನ್ ಡಿ ಮಟ್ಟ ತುಸು ಕಡಿಮೆ ಇರುವಂಥ ಜೀನ್‌ಗಳನ್ನು ಹೊತ್ತವರಿಗೆ ಮುರಿತದ ಅಪಾಯ ಹೆಚ್ಚೇನೂ ಕಾಣಲಿಲ್ಲ.

ಔಷಧಗಳ ಆಯ್ಕೆ ವೈದ್ಯರದು. ಆದರೆ ಒಂದು ಔಷಧದ ಮೂಲ ತಿಳಿದುಕೊಳ್ಳಬೇಕಾದದ್ದು. ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಸಮುದಾಯದ ಕೆಲವು ಕುಟುಂಬಗಳಲ್ಲಿ ಮೂಳೆ ಅತಿಯಾಗಿ ಬೆಳೆಯುವ ಸ್ಕ್ಲೆರೊಸ್ಟಿಯೊಸಿಸ್ ಎಂಬ ಕಾಯಿಲೆಯಿದೆ. ಅದರಿಂದ ಅವರು ಪಟ್ಟ ಪಾಡು ಸಣ್ಣದಲ್ಲ. ತಲೆಬುರುಡೆಯ ಮೂಳೆ ಬೆಳೆದು ನರಗಳನ್ನು ಅದುಮುತ್ತದೆ, ಕಿವಿ ಹೋಗುತ್ತದೆ. ಸೊಸ್ಟ್ ಎಂಬ ಜೀನ್‌ನ ದೋಷವೇ ಇದಕ್ಕೆ ಕಾರಣವೆಂದು 2001ರಲ್ಲಿ ತಿಳಿಯಿತು. ಆ ಜೀನ್ ತಯಾರಿಸುವ ಸ್ಕ್ಲೆರೊಸ್ಟಿನ್ ಮೂಳೆ ಬೆಳವಣಿಗೆಗೆ ತಡೆ. ಆ ತಡೆಯನ್ನು ಸ್ವಲ್ಪ ಕಾಲ ಸರಿಸುವ ರೊಮೊಸೊಜುಮ್ಯಾಬ್ ಚುಚ್ಚುಮದ್ದಿಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದವರಿಗೆ ಅದನ್ನು ಕೊಡಬಾರದು. ಸ್ನಾಯುಕ್ಷಯಕ್ಕೆ ಮಾತ್ರ ಇಂಥ ನೆಚ್ಚಿನ ಔಷಧ ಇನ್ನೂ ಬಂದಿಲ್ಲ. ಚುಚ್ಚುಮದ್ದು ತೆಗೆದುಕೊಳ್ಳುವವರೂ ಐದನೇ ಹೆಜ್ಜೆಯನ್ನು ಬಿಡುವಂತಿಲ್ಲ.

ಕೊನೆಯ ಕೆಲಸ

ಹಾಳೆಯ ಪ್ರತಿಗಳನ್ನು ಒಡಹುಟ್ಟಿದವರಿಗೆಲ್ಲ ಕೊಡಿ. ನಿಮಗೆ ಬಂದಿರಬಹುದಾದ ಜೀನ್ ಅವರಿಗೂ ಬಂದಿರುವ ಸಾಧ್ಯತೆ ಅರ್ಧದಷ್ಟು. ಅದರ ಮೇಲೆ ನಿಮ್ಮ ಎತ್ತರ, ಕುರ್ಚಿ ಪರೀಕ್ಷೆಯ ಸೆಕೆಂಡುಗಳು, ಹಿಡಿತದ ಬಲ, ಟಿ-ಸ್ಕೋರ್, ಇವುಗಳನ್ನು ದಿನಾಂಕ ಸಮೇತ ಬರೆದಿಡಿ. ವೈದ್ಯರ ಬಳಿ ಹೋಗುವಾಗ ಅದನ್ನು ಕೈಯಲ್ಲಿ ಹಿಡಿದೇ ಹೋಗಿ. ನಮ್ಮ ಮನೆಯ ಹಾಳೆಯಲ್ಲಿ ಈಗ ಹದಿನಾರು ಹೆಸರುಗಳಿವೆ. ತಾಯಿಯ ಸಾಲಿನಲ್ಲಿ ಕುರ್ಚಿಯ ಲೆಕ್ಕ 21 ಸೆಕೆಂಡಿನಿಂದ 14ಕ್ಕೆ ಇಳಿದಿದೆ. ನನ್ನ ಸಾಲಿನಲ್ಲಿ ಮುಂದಿನ ಸ್ಕ್ಯಾನ್‌ನ ತಿಂಗಳು ಬರೆದಿದೆ.